ಕುಮಾರವ್ಯಾಸನ ಪದ್ಯವನ್ನು ಓದುವ ಬಗೆ

ಕುಮಾರವ್ಯಾಸನ ಕಾವ್ಯವಾದ ಗದುಗಿನ ಭಾರತದ ಪದ್ಯವೊಂದನ್ನು ಕೈಗೆತ್ತಿಕೊಂಡವರು ಅರ್ಥಕೋಶವನ್ನು ತೆರೆಯುವ ಮುನ್ನ ಅದನ್ನು ಎರಡು ಬಾರಿ ಗಟ್ಟಿಯಾಗಿ ಓದಬೇಕು. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ನಾಲಗೆಯಲ್ಲಿ ಉಳಿದುಬಂದ ಈ ಕಾವ್ಯ ಮೊದಲು ಒಲಿಯುವುದು ಕಿವಿಗೆ.

ಬಳಿಕ ಲಯವನ್ನು ಗುರುತಿಸಿ. ಈ ಕಾವ್ಯದ ಛಂದಸ್ಸು ಆರು ಸಾಲಿನ ಭಾಮಿನೀ ಷಟ್ಪದಿ; ಅದರ 1, 2, 4, 5ನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ (ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲ) ಗಣಗಳು, ಅಂದರೆ ಗುಂಪುಗಳು, ಎರಡಾವರ್ತಿ ಬಂದು 14 ಮಾತ್ರೆಗಳಾಗುತ್ತವೆ. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ನಡೆ ಮೂರಾವರ್ತಿ ಸಾಗಿ, ಕೊನೆಗೊಂದು ಗುರುವಿನೊಡನೆ (ಎರಡು ಮಾತ್ರೆಯ ಅಕ್ಷರದೊಡನೆ) 23 ಮಾತ್ರೆಗಳಿಗೆ ನಿಲ್ಲುತ್ತದೆ.

‘ಅರಸು ರಾಕ್ಷಸ’ ಎಂದು ತೊಡಗುವ ಪ್ರಸಿದ್ಧ ಪದ್ಯವನ್ನೇ ನೋಡಿ. ಅರಸು, ಮೊರೆವ, ನೆರವಿ ಎಂದು ಸಾಲಿನ ಎರಡನೆಯ ಅಕ್ಷರದಲ್ಲಿ ರಕಾರ ಮರಳಿ ಬರುವುದು ಆದಿಪ್ರಾಸ. ಮಂತ್ರಿ ಮೊರೆವ ಹುಲಿ, ಪರಿವಾರ ಹದ್ದಿನ ನೆರವಿ (ಗುಂಪು) ಎನ್ನುವಾಗ ‘ಅಂತೆ’ ಎಂಬ ಉಪಮಾವಾಚಕವಿಲ್ಲ. ಮಂತ್ರಿ ಹುಲಿಯೇ ಆಗಿಬಿಡುವ ಈ ರೂಪಕದಲ್ಲಿಯೇ ಕವಿಯ ನಿಜವಾದ ಶಕ್ತಿಯಿದೆ ಎಂಬುದು ನನ್ನ ನಂಬಿಕೆ. ‘ಹದ್ದಿನ’ ಎಂಬಲ್ಲಿ ಸಾಲು ಮುಗಿದರೂ ವಾಕ್ಯ ಮುಗಿಯದೆ ಮುಂದಿನ ಸಾಲಿನ ‘ನೆರವಿ’ಗೆ ಹರಿಯುತ್ತದೆ, ಆದ್ದರಿಂದ ಅಲ್ಲಿ ಉಸಿರು ನಿಲ್ಲಿಸಬಾರದು.

ವಸ್ತುವನ್ನು ಕೊನೆಯಲ್ಲಿ ಕೇಳಿಕೊಳ್ಳಿ: ಬಡವರ ಬಿನ್ನಪವನ್ನು ಕೇಳುವವರಾರು ಎಂಬ ಪ್ರಶ್ನೆ ಮೂರನೆಯ ದೀರ್ಘ ಸಾಲಿನಲ್ಲಿಯೇ ಏಕೆ ಬಂದಿದೆ?