ದಾವಣಗೆರೆ ಬಿಸಿಲಲ್ಲಿ ಹ್ಯಾಮ್‌ಸ್ಟರ್

ಹ್ಯಾಮ್‌ಸ್ಟರ್ ಅಂದರೆ ಇಲಿಯಂಥ ಪುಟ್ಟ ಸಾಕುಜೀವಿ. ಸಿರಿಯಾದ ಪ್ರಾಣಿ, ಬಿಸಿಲು ಅದಕ್ಕೇನೂ ಮಾಡಲ್ಲ ಅಂತ ಮಾರುವವರು ಹೇಳುತ್ತಾರೆ. ದಾವಣಗೆರೆಯ ಏಪ್ರಿಲ್ ಕಂಡವರು ಅದನ್ನು ನಂಬಬಾರದು. ಮನೆಗಳಲ್ಲಿ ಸಾಕುವ ಗೋಲ್ಡನ್ ಹ್ಯಾಮ್‌ಸ್ಟರ್‌ಗಳ ಮೂಲ, 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಅಲೆಪ್ಪೊ ಬಳಿ ಹೊಲ ಅಗೆಸಿ ಹಿಡಿಸಿದ ಒಂದು ತಾಯಿ ಮತ್ತು ಅದರ ಮರಿಗಳು. ಕಾಡು ಹ್ಯಾಮ್‌ಸ್ಟರ್ ಸುಡುವ ಹೊತ್ತನ್ನು ಅರ್ಧ ಮೀಟರಿಗೂ ಆಳದ ಬಿಲದಲ್ಲಿ ತಣ್ಣಗೆ ಕಳೆಯುತ್ತದೆ. ಬಿಸಿಲು ನಾಡಿನದು ಹೌದು, ಬಿಸಿಲಲ್ಲಿ ಬಾಳುವುದಲ್ಲ. 27 ಡಿಗ್ರಿ ದಾಟಿದರೆ ಸೊರಗಲು ಶುರು.

ಹಾಗಾಗಿ ನಾನು ಸಾಕಿರುವ ಹ್ಯಾಮ್‌ಸ್ಟರ್‌ಗೆ ಗೂಡು ಅಂಗಡಿಯಿಂದ ತರಲಿಲ್ಲ, ಬಡಗಿಯಿಂದ ಮಾಡಿಸಿದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಪೆಟ್ಟಿಗೆ. ಕೆಳಗಿನ ಒಂದಡಿ ಮುಚ್ಚಿದ್ದು, ಮೇಲೆಲ್ಲ ಸಣ್ಣ ಕಣ್ಣಿನ ಜಾಲರಿ. ಗಾಜಿನ ಅಕ್ವೇರಿಯಂ ನೋಡಲು ಚೆಂದ, ನಮ್ಮ ಬೇಸಿಗೆಗೆ ಬೇಡ, ಗಾಳಿಯೇ ಆಡುವುದಿಲ್ಲ. ಹಲ್ಲು ಬೆಳೆಯುತ್ತಲೇ ಇರುವುದರಿಂದ ಅದು ಕಡಿಯದೆ ಬಿಡದು, ಪ್ಲೈವುಡ್ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದೆ.

ಒಳಗೆ ಗೇಣುದ್ದಕ್ಕೂ ಮಿಗಿಲಾಗಿ ಕಾಗದದ ಚೂರು, ನಡುವೆ ಬಿಸಿಲಿಗೆ ಒಣಗಿಸಿದ ಭತ್ತದ ಹುಲ್ಲು. ಕಾಗದ ಬೈಂಡಿಂಗ್ ಅಂಗಡಿಯ ಕತ್ತರಿಸಿದ ಅಂಚು, ಮಸಿ ತಾಗದ್ದು. ಹುಲ್ಲು ಸೇರಿಸಿದರೇನೇ ಸುರಂಗ ಕುಸಿಯದೆ ನಿಲ್ಲುವುದು. ಸಾಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತೆ, ಆದರೆ ಅದರ ಧೂಳು ಶ್ವಾಸಕ್ಕೆ ಕೆಟ್ಟದ್ದು. ಹತ್ತಿ ಬೇಡವೇ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ತಂಪಿಗೆ ಕುಂಬಾರರ ಕುಡಿಕೆಯನ್ನು ಅಡ್ಡ ಮಲಗಿಸಿ ಅರ್ಧ ಹೂತಿದ್ದೇನೆ. ಪಕ್ಕದಲ್ಲಿ ಕಡಪಾ ಕಲ್ಲಿನ ತುಂಡು. ಮಧ್ಯಾಹ್ನ ಅದರ ಮೇಲೆ ಹೊಟ್ಟೆ ಚಾಚಿ ಬಿದ್ದಿರುತ್ತದೆ. ಮೇ ತಿಂಗಳಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಜಾಲರಿಯ ಹೊರಗೆ ಒರಗಿಸುತ್ತೇನೆ. ಕೂಲರ್ ಗಾಳಿ ನೇರ ಬಡಿಯಬಾರದು. ಮೈ ತೊಳೆಯುವುದಂತೂ ಇಲ್ಲ. ಜರಡಿ ಹಿಡಿದು, ತೊಳೆದು, ಹುರಿದು ಆರಿಸಿದ ಮರಳನ್ನು ಒಂದು ತಟ್ಟೆಯಲ್ಲಿ ಇಟ್ಟರೆ ತಾನೇ ಹೊರಳಾಡುತ್ತದೆ. ಅಲ್ಲೇ ಉಚ್ಚೆಯನ್ನೂ ಹೊಯ್ಯುವುದರಿಂದ ನನಗೆ ಶುಚಿ ಮಾಡಲು ಸಲೀಸು.

ಊಟ ಸುಲಭ: ನವಣೆ, ಸಜ್ಜೆ, ಜೋಳ, ಓಟ್ಸ್ ಬೆರೆಸಿ ದಿನಕ್ಕೊಂದು ದೊಡ್ಡ ಚಮಚ. ಆಗಾಗ ಸೌತೆಕಾಯಿ ಹೋಳು, ಬೇಯಿಸಿದ ಮೊಟ್ಟೆಯ ಬಿಳಿ. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ಚಾಕಲೇಟ್ ಮುಟ್ಟಿಸುವುದಿಲ್ಲ. ತಟ್ಟೆ ಖಾಲಿಯಾಯಿತೆಂದು ಮತ್ತೆ ಸುರಿಯಬೇಡಿ, ಕೆನ್ನೆಚೀಲದಲ್ಲಿ ತುಂಬಿಕೊಂಡು ಬಿಲದಲ್ಲಿ ಬಚ್ಚಿಟ್ಟಿರುತ್ತದೆ.

ಓಡುವ ಚಕ್ರ 28 ಸೆಂಟಿಮೀಟರ್ ವ್ಯಾಸದ್ದು, ಕಂಬಿಯಿಲ್ಲದೆ ಸಪಾಟಾಗಿರಬೇಕು. ಚಿಕ್ಕದಾದರೆ ಬೆನ್ನು ಬಾಗುತ್ತೆ.

"ಒಂಟಿ ಜೀವ ಪಾಪ, ಜತೆಗೊಂದು ತರಬಾರದೇನೋ?" ಅಂತ ಅವ್ವ ಕೇಳುತ್ತಲೇ ಇರುತ್ತಾಳೆ. ಈ ಜಾತಿ ದೊಡ್ಡದಾದ ಮೇಲೆ ಜತೆಯನ್ನು ಸಹಿಸುವುದಿಲ್ಲ, ರಕ್ತ ಬರುವಂತೆ ಕಚ್ಚಾಡುತ್ತವೆ. ಗಂಡು ಹೆಣ್ಣು ಇಟ್ಟರೋ, ಹದಿನಾರು ದಿನಕ್ಕೆ ಮರಿ.

ನಮ್ಮ ಕಡೆ ಪಶುವೈದ್ಯರೆಂದರೆ ದನ, ನಾಯಿಯ ಡಾಕ್ಟರು. ಇಷ್ಟು ಚಿಕ್ಕ ಪ್ರಾಣಿಯನ್ನು ನೋಡುವವರು ಯಾರೆಂದು ತರುವ ಮುಂಚೆಯೇ ವಿಚಾರಿಸಿಟ್ಟುಕೊಂಡಿದ್ದೆ. ಭೇದಿಯಾಗಿ ಬಾಲದ ಸುತ್ತ ಒದ್ದೆಯಾದರೆ ನಾಳೆ ನೋಡೋಣ ಅನ್ನುವಂತಿಲ್ಲ, ಅವತ್ತೇ ಓಡಬೇಕು.