ಯೂರೋಪ್ ಟ್ರಿಪ್‌ಗೆ ಟಿಕೆಟ್ ಮಾಡಿಸಿದ್ದೀರಾ? ಕಾರ್ಡಿನ ಪಿನ್ ಗೊತ್ತಿದೆಯಾ ನೋಡಿಕೊಳ್ಳಿ

ಬೆಂಗಳೂರಿನ ಅಂಗಡಿಯಲ್ಲಿ ಒಂದು ಕೈ ಅಡ್ಡ ಇಟ್ಟು ಇನ್ನೊಂದು ಕೈಯಲ್ಲಿ ಪಿನ್ ಒತ್ತುವುದು ನಮಗೆಲ್ಲ ಅಭ್ಯಾಸ. ಅಮೆರಿಕಕ್ಕೆ ಬಂದು ಆರು ತಿಂಗಳಾದರೆ ಸಾಕು, ಕ್ರೆಡಿಟ್ ಕಾರ್ಡಿಗೂ ಪಿನ್ ಇರುತ್ತದೆ ಅನ್ನುವುದೇ ಮರೆತುಹೋಗುತ್ತದೆ. 2018ರ ಏಪ್ರಿಲ್‌ನಿಂದ ಇಲ್ಲಿ ಸಹಿ ಕೂಡ ಕಡ್ಡಾಯವಲ್ಲ. ಗ್ಯಾಸ್ ಸ್ಟೇಷನ್‌ನಲ್ಲಿ ಕೇಳುವುದು ಜಿಪ್ ಕೋಡ್, ಅಂದರೆ ವಿಳಾಸದ ಅಂಚೆ ಸಂಖ್ಯೆ, ಅದು ಕಾರ್ಡಿನ ಪಿನ್ ಅಲ್ಲ.

ಯೂರೋಪಿನ ಕಥೆ ಬೇರೆ. ಫ್ರಾನ್ಸ್‌ನಲ್ಲಿ 1992ರ ಹೊತ್ತಿಗೇ ಬ್ಯಾಂಕ್ ಕಾರ್ಡುಗಳಿಗೆಲ್ಲ ಚಿಪ್, ಪಿನ್ ಬಂದಿತ್ತು. ಅಮೆರಿಕದಲ್ಲಿ ಅಂಗಡಿಗಳು ಚಿಪ್ ಮೆಷಿನ್ ಕಡೆ ತಿರುಗಿದ್ದೇ 2015ರ ಅಕ್ಟೋಬರ್ ಆಸುಪಾಸಿನಲ್ಲಿ, ಅದೂ ಪಿನ್ ಇಲ್ಲದೆ. ಇಂಥ ಕಾರ್ಡ್ ಕೊಟ್ಟಾಗ ಯೂರೋಪಿನ ಕೌಂಟರಿನಲ್ಲಿ ಮನುಷ್ಯರಿದ್ದರೆ ಚೀಟಿ ತೆಗೆದು ಸಹಿ ಹಾಕಿಸಿಕೊಳ್ಳುತ್ತಾರೆ. ಟಿಕೆಟ್ ಮೆಷಿನ್ ಯಾರ ಸಹಿ ತಗೋಬೇಕು?

ನಮ್ಮ ಮೊದಲ ಟ್ರಿಪ್‌ನಲ್ಲಿ ಆದದ್ದು ಇದೇ. ಫ್ರಾನ್ಸ್‌ನ ಒಂದು ಸಣ್ಣ ಸ್ಟೇಷನ್, ಭಾನುವಾರ ಬೆಳಿಗ್ಗೆ, ಕೌಂಟರ್ ಬಂದ್. ಮೆಷಿನ್ ಪರದೆಯಲ್ಲಿ ‘ಕೋಡ್’ ಅಂತ ಬಂತು. ಸುಮ್ನೆ ಹಸಿರು ಬಟನ್ ಒತ್ತಿದೆ. ಕೆಲವು ಕಡೆ ಹಾಗೆ ಒತ್ತಿದರೂ ನಡೆಯುತ್ತದೆ, ಅಲ್ಲಿ ನಡೆಯಲಿಲ್ಲ. ಇನ್ನೊಂದು ಕಾರ್ಡ್ ಹಾಕಿದೆ, ಅದೂ ವಾಪಸ್. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಕೊನೆಗೆ ನನ್ನಾಕೆ ಬ್ಯಾಗಿನ ತಳದಿಂದ ಡೆಬಿಟ್ ಕಾರ್ಡ್ ಹುಡುಕಿ ಕೊಟ್ಟಳು. ನಾಲ್ಕು ಅಂಕಿ ಒತ್ತಿದ್ದೇ ತಡ, ಟಿಕೆಟ್ ಬಂತು. ಅಷ್ಟರಲ್ಲಿ ರೈಲು ಹೋಗಿತ್ತು ಬಿಡಿ.

ಹಾಗಾಗಿ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಬ್ಯಾಂಕಿಗೆ ಫೋನ್ ಮಾಡಿ. ‘ಪಿನ್ ಇದೆಯಾ’ ಅಂತಷ್ಟೇ ಕೇಳಿದರೆ ‘ಇದೆ’ ಅಂದುಬಿಡುತ್ತಾರೆ. ಅಂಗಡಿಯಲ್ಲಿ ಕೊಳ್ಳುವುದಕ್ಕೂ ಆ ಪಿನ್ ನಡೆಯುತ್ತದಾ, ಇಲ್ಲ ಎಟಿಎಂನಲ್ಲಿ ಕ್ಯಾಶ್ ತೆಗೆಯಲಷ್ಟೇನಾ ಅಂತ ಬಿಡಿಸಿ ಕೇಳಿ. ಅಮೆರಿಕದ ಕಾರ್ಡುಗಳಲ್ಲಿ ಎರಡನೆಯದೇ ಜಾಸ್ತಿ. ಕ್ರೆಡಿಟ್ ಕಾರ್ಡಿನಲ್ಲಿ ಕ್ಯಾಶ್ ಮಾತ್ರ ತೆಗೆಯಬೇಡಿ, ಫೀಸೂ ಬೀಳುತ್ತದೆ, ಬಡ್ಡಿಯೂ ಅವತ್ತಿಂದಲೇ ಶುರು. ಕೆಲವು ಬ್ಯಾಂಕುಗಳು ಪಿನ್ನನ್ನು ಪೋಸ್ಟಿನಲ್ಲೇ ಕಳಿಸುತ್ತವೆ. ಹಿಂದಿನ ದಿನ ಕೇಳಿದರೆ ಏನೂ ಪ್ರಯೋಜನವಿಲ್ಲ.

ಈಗ ಕಾರ್ಡ್ ಬದಲು ಫೋನನ್ನೇ ಮೆಷಿನ್‌ಗೆ ತಾಗಿಸಿ ‘ಟ್ಯಾಪ್’ ಮಾಡಿದರೆ ಅರ್ಧ ತಲೆನೋವು ಹೋಗುತ್ತದೆ. ಬೆರಳಚ್ಚೋ ಮುಖವೋ ತೋರಿಸಿ ಫೋನ್ ತೆರೆದಿರುತ್ತೀರಲ್ಲ, ಅದೇ ಪಿನ್ ಬದಲಿಗೆ ನಡೆಯುತ್ತದೆ. ಲಂಡನ್ನಿನ ಮೆಟ್ರೋ ರೈಲು ‘ಟ್ಯೂಬ್’ನಲ್ಲಿ ಒಂದು ಎಚ್ಚರ: ಒಳಗೆ ಹೋಗುವಾಗ ಫೋನ್, ಹೊರಗೆ ಬರುವಾಗ ಕಾರ್ಡ್ ಮಾಡಬೇಡಿ. ಎರಡರ ಹಿಂದೆ ಇರುವುದು ಒಂದೇ ಕಾರ್ಡಾದರೂ ಅವರ ಲೆಕ್ಕದಲ್ಲಿ ಇಬ್ಬರು ಪ್ರಯಾಣಿಕರು, ಇಬ್ಬರಿಗೂ ಗರಿಷ್ಠ ಚಾರ್ಜ್ ಬೀಳಬಹುದು. ಟ್ಯಾಪ್ ಇಲ್ಲದ ಹಳೇ ಮೆಷಿನ್‌ಗಳೂ, ರಾತ್ರಿ ಆಳಿಲ್ಲದ ಪೆಟ್ರೋಲ್ ಬಂಕುಗಳೂ ಇನ್ನೂ ಇವೆ. ಬಾಡಿಗೆ ಕಾರು ತಗೊಂಡವರು ಹಗಲಿನಲ್ಲೇ, ಆಳಿರುವ ಕಡೆ ಟ್ಯಾಂಕ್ ತುಂಬಿಸಿಕೊಳ್ಳಿ.

ಊರಿನ ಬ್ಯಾಂಕಿನ ಕಾರ್ಡ್ ಇನ್ನೂ ಇಟ್ಟುಕೊಂಡಿದ್ದೀರಾ? ಪಿನ್ ವಿಷಯದಲ್ಲಿ ಅದೇ ವಾಸಿ. ಆದರೆ ಆರ್‌ಬಿಐ ನಿಯಮದಂತೆ 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಆಫ್ ಆಗಿಯೇ ಬರುತ್ತದೆ. ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಇರಲಿ. ವಿದೇಶಿ ಹಣದಲ್ಲಿ ಮಾಡಿದ ಖರ್ಚಿಗೆ ‘ಮಾರ್ಕಪ್’ ಅಂತ ಸಾಮಾನ್ಯವಾಗಿ ಶೇ. 3.5ರ ಆಸುಪಾಸು ಕಡಿತವಾಗುತ್ತದೆ, ಆದ್ದರಿಂದ ಅದನ್ನು ಕಷ್ಟಕಾಲಕ್ಕೆ ಮಾತ್ರ ತೆಗೆಯಿರಿ.

ಮೆಷಿನ್ ‘ಡಾಲರಾ, ಯೂರೋನಾ’ ಅಂತ ಕೇಳಿದರೆ ಕಣ್ಣುಮುಚ್ಚಿ ಯೂರೋ ಒತ್ತಿ. ಡಾಲರ್ ಅಂದರೆ ಅವರದೇ ದರ ಹಾಕುತ್ತಾರೆ, ಜಾಸ್ತಿಯೇ ಬೀಳುತ್ತದೆ. ಪಿನ್ ಎರಡು ಸಲ ತಪ್ಪಿದರೆ ಮೂರನೇ ಸಲ ಊಹೆ ಮಾಡಬೇಡಿ, ಕಾರ್ಡ್ ಲಾಕ್ ಆಗಬಹುದು. ಇನ್ನೊಂದು ಕಾರ್ಡ್ ತೆಗೆಯಿರಿ. ಅದನ್ನು ಅದೇ ಪರ್ಸಿನಲ್ಲಿ ಇಡಬೇಡಿ. ನಮ್ಮ ಡೆಬಿಟ್ ಕಾರ್ಡ್ ಈಗಲೂ ನನ್ನಾಕೆಯ ಬ್ಯಾಗಿನ ತಳದಲ್ಲೇ ಇರುತ್ತದೆ.