ಬಿಸಾಡಬೇಕಿದ್ದ ಆ್ಯಂಟಿಬಾಡಿ ಕೆಲಸಕ್ಕೆ ಬಂದದ್ದು

ಕಳೆದ ವಾರ ವೆಸ್ಟರ್ನ್ ಬ್ಲಾಟಿನ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬಿಡಿಸಿ, ಬೇಕಾದದ್ದನ್ನು ಆ್ಯಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ಒಂದೇ ಒಂದು ಕಪ್ಪು ಗೆರೆ. ಪಕ್ಕದ ಬೆಂಚಿನ ಬೆಳಗಾವಿ ಹುಡುಗ "ಅಕ್ಕಾರ, ಅದ ಬಾಟ್ಲಿ ಏನ್ರಿ ಇದು?" ಅಂತ ಎರಡು ಸಲ ಕೇಳಿದ. ಅದೇ ಬಾಟ್ಲಿ.

ಕ್ಯಾಸ್ಪೇಸ್-3 ಅಂದರೆ ಸೆಲ್ ತಾನಾಗಿ ಸಾಯುವಾಗ ಕೆಲಸ ಮಾಡುವ ಪ್ರೋಟೀನು, ಆ 35ರ ಗೆರೆ ಅದರದ್ದೇ. ಅದಕ್ಕೆ ಮೊಲದಲ್ಲಿ ಎಬ್ಬಿಸಿದ ಪಾಲಿಕ್ಲೋನಲ್, ಅಂದರೆ ಹಲವು ಬಗೆಯ ಆ್ಯಂಟಿಬಾಡಿಗಳ ಮಿಶ್ರಣ. 100 ಮೈಕ್ರೋಲೀಟರಿಗೆ ಮೂವತ್ತೈದು ಸಾವಿರದ ಆಸುಪಾಸು. ಪುಣೆ ಮುಟ್ಟುವಷ್ಟರಲ್ಲಿ ಐಸೆಲ್ಲ ನೀರಾಗಿತ್ತು, ಮಾರಿದವರು ಫೋನೇ ಎತ್ತಲಿಲ್ಲ. ಮೊದಲ ಬ್ಲಾಟಿನಲ್ಲಿ ಏಣಿ ನಿಲ್ಲಿಸಿದ ಹಾಗೆ ಬ್ಯಾಂಡುಗಳು, ಬೇಡದ ಪ್ರೋಟೀನುಗಳಿಗೂ ಅಂಟಿಕೊಂಡಿತ್ತು. ಸರ್ ನೋಡಿ "ಫೇಕೂನ್ ದೇ" ಅಂದರು, ಎಸೆದುಬಿಡು ಅಂತ. ಹೊಸದಕ್ಕೆ ಗ್ರಾಂಟಿನಲ್ಲಿ ದುಡ್ಡೆಲ್ಲಿತ್ತು?

ಮೂರು ತಿಂಗಳು ಒದ್ದಾಡಿದೆ. ಬ್ಲಾಟಿನ ಖಾಲಿ ಜಾಗ ಮುಚ್ಚಲು ಹಾಲಿನ ಬದಲು ದನದ ರಕ್ತದ ಪ್ರೋಟೀನು ಬಿಎಸ್‌ಎ, ಆ್ಯಂಟಿಬಾಡಿ 1:1000ದಿಂದ 1:8000ಕ್ಕೆ ತೆಳು, ತೊಳೆಯಲು ಟ್ವೀನ್ ಎಂಬ ಸೋಪು ಜಾಸ್ತಿ. ಏಣಿ ಮಸುಕಾದಾಗೆಲ್ಲ 35 ಕೂಡ ಮಸುಕು. ಒಂದು ಸಲವಂತೂ ಇಡೀ ಬ್ಲಾಟ್ ಬೋಳು. ಪ್ರೈಮರಿ (ಪ್ರೋಟೀನಿಗೆ ಅಂಟುವ ಮೊದಲ ಆ್ಯಂಟಿಬಾಡಿ) ಕೆಡದಿರಲೆಂದು ಧಾರಾಳವಾಗಿ ಅಜೈಡ್ ಹಾಕಿಟ್ಟಿದ್ದ ಬಫರನ್ನೇ ಸೆಕೆಂಡರಿಗೂ (ಪ್ರೈಮರಿಗೆ ಅಂಟುವ ಎರಡನೆಯದು) ಸುರಿದಿದ್ದೆ. ಸೆಕೆಂಡರಿಗೆ ಅಂಟಿಸಿದ, ಬೆಳಕು ಹೊರಡಿಸುವ ಕಿಣ್ವ ಎಚ್‌ಆರ್‌ಪಿ ಅಜೈಡಿನಿಂದ ಸತ್ತಿತ್ತು. ಆ ಕಿಣ್ವದಿಂದ ಬೆಳಕು ಬರಿಸಲು ಹಾಕುವ ಇಸಿಎಲ್ ಕಿಟ್ ಅರ್ಧ ಖಾಲಿಯಾದ ಮೇಲೆ ಹೊಳೆಯಿತು. ಅವತ್ತು ಊಟ ಸೇರಲಿಲ್ಲ.

ದಾರಿ ತೋರಿಸಿದ್ದು ನೆಗೆಟಿವ್ ಕಂಟ್ರೋಲ್, ಅಂದರೆ ಹುಡುಕುವ ಪ್ರೋಟೀನೇ ಇಲ್ಲದ ಸ್ಯಾಂಪಲ್. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಸೆಲ್ಲುಗಳಲ್ಲಿ ಕ್ಯಾಸ್ಪೇಸ್-3 ಇಲ್ಲ, ಜೀನಿನಲ್ಲಿ 47 ಬೇಸ್ ಬಿದ್ದುಹೋಗಿವೆ. ಅದರ ಲೇನಿನಲ್ಲಿ 35 ಇರಲಿಲ್ಲ, ಉಳಿದ ಏಣಿ ಪೂರ್ತಿ ಇತ್ತು. ಅಂದರೆ ಬೇಡದ ಆ್ಯಂಟಿಬಾಡಿಗಳಿಗೆಲ್ಲ ಈ ಸೆಲ್ಲುಗಳಲ್ಲಿ ಊಟವಿದೆ, ಬೇಕಾದದ್ದಕ್ಕೆ ಮಾತ್ರ ಇಲ್ಲ. ಅವನ್ನೆಲ್ಲ ಇಲ್ಲೇ ಪಂಕ್ತಿಗೆ ಕೂರಿಸಿಬಿಟ್ಟರಾಯ್ತಲ್ಲ!

ಐದಾರು ದೊಡ್ಡ ಫ್ಲಾಸ್ಕಿನಲ್ಲಿ ಎಂಸಿಎಫ್-7 ಬೆಳೆಸಿ, ತಣ್ಣನೆಯ ಅಸಿಟೋನಿನಲ್ಲಿ ಪ್ರೋಟೀನು ತಳಕ್ಕಿಳಿಸಿ, ಫಿಲ್ಟರ್ ಪೇಪರಿನ ಮೇಲೆ ಹರಡಿ ಒಣಗಿಸಿದೆ. ವಿಭೂತಿಯಂಥ ಪುಡಿ. ಡೈಲ್ಯೂಟ್ ಮಾಡಿದ ಪ್ರೈಮರಿಗೆ ಮಿಲಿಲೀಟರಿಗೆ ಹತ್ತು ಮಿಲಿಗ್ರಾಂನಂತೆ ಹಾಕಿ, ಕೋಲ್ಡ್ ರೂಮಿನಲ್ಲಿ ತಿರುಗಿಸಿ, ಸ್ಪಿನ್ ಮಾಡಿ, ಮೇಲಿನ ತಿಳಿಯನ್ನಷ್ಟೇ ಬಳಸಿದೆ. "ಅಂಗಾರಾ ಹಚ್ಯಾರ ನೋಡ್ರಿ ಅಕ್ಕಾರು" ಅಂತ, ವಿಭೂತಿ ಹಚ್ಚಿದ್ದಾಳೆಂದು, ಲ್ಯಾಬಿನವರು ನಗಾಡಿದರು. ಮೊದಲ ಕಂತಿನ ಪುಡಿ ಸರಿಯಾಗಿ ತೊಳೆದಿರಲಿಲ್ಲ, ಬ್ಲಾಟೆಲ್ಲ ಚುಕ್ಕೆಚುಕ್ಕೆ. ಎರಡನೆಯದನ್ನು ಯಾವುದರಲ್ಲಿ ನೆನೆಸಿದೆ, ಎಷ್ಟು ಹೊತ್ತು ತಿರುಗಿಸಿದೆ ಎನ್ನುವುದು ಸದ್ಯ ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಕುತೂಹಲಕ್ಕೆ ಹೀಲಾ ಎಂಬ ಇನ್ನೊಂದು ಕ್ಯಾನ್ಸರ್ ಸೆಲ್ಲಿನ ಪುಡಿಯನ್ನೂ ಮಾಡಿ ಹಾಕಿದೆ. ಏಣಿಯ ಜೊತೆ 35 ಕೂಡ ಮಾಯ! ಹೀಲಾದಲ್ಲಿ ಕ್ಯಾಸ್ಪೇಸ್-3 ಇದೆಯಲ್ಲ, ಅದೇ ನುಂಗಿತು. ಸರ್ ಬಾಯಿ ಮುಚ್ಚಿಸಿದ್ದು ಈ ಬ್ಲಾಟೇ. ಆಮೇಲೆ ಸೆಲ್ ಸಾಯಿಸುವ ಸ್ಟಾರೋಸ್ಪೋರಿನ್ ಕೊಟ್ಟ ಜರ್ಕಾಟ್ (ರಕ್ತದ ಕ್ಯಾನ್ಸರಿನ) ಸೆಲ್ಲುಗಳಲ್ಲಿ ಕ್ಯಾಸ್ಪೇಸ್-3ರ ಕತ್ತರಿಸಿದ ತುಂಡು, 17 ಕಿಲೋಡಾಲ್ಟನ್ನಿನದು, ಚೆನ್ನಾಗಿ ಬಂತು.

ಈಗ ಮೆಂಬ್ರೇನನ್ನು (ಪ್ರೋಟೀನು ಅಂಟಿರುವ ಹಾಳೆ) ಪಾಲಿಥಿನ್ ಚೀಲದಲ್ಲಿ ಸೀಲ್ ಮಾಡಿ ಮೂರು ಮಿಲಿಲೀಟರಿನಲ್ಲೇ ಮುಗಿಸುತ್ತೇನೆ. ಅದೇ ದ್ರಾವಣ ಆರನೇ ಸಲವೋ ಏಳನೇ ಸಲವೋ ಓಡುತ್ತಿದೆ.

ನಿನ್ನೆ ಬೆಳಗಾವಿ ಹುಡುಗ ತಾನು ಮೂಲೆಗೆ ತಳ್ಳಿದ್ದ ವಯಲ್ ಹಿಡಿದು ಬಂದ, ನನ್ನ ಪುಡಿ ಸ್ವಲ್ಪ ಬೇಕಂತೆ. ಅವನ ಆ್ಯಂಟಿಬಾಡಿ ಹುಡುಕುವ ಪ್ರೋಟೀನು ಈಸ್ಟ್ರೋಜನ್ ರಿಸೆಪ್ಟರ್ ಆಲ್ಫಾ, ಅದು ಎಂಸಿಎಫ್-7ರಲ್ಲಿ ದಂಡಿಯಾಗಿದೆ, ಎಂಡಿಎ-ಎಂಬಿ-231 ಸೆಲ್ಲುಗಳಲ್ಲಿ ಇಲ್ಲ. "ನಿನಗ ಇದು ಬ್ಯಾಡೋ, ಎಂಡಿಎ-ಎಂಬಿ-231 ಬೆಳಿಸ್ಕೊಂಡ್ ಬಾ" ಅಂದೆ.